ಪದ್ಯ ಓದಿದ್ರೆ ಏನ್ ಸಿಗುತ್ತೆ ಮೇಷ್ಟ್ರೇ?

ಶಾಲೆ ಶುರುವಾಗಿ ತಿಂಗಳು ಕಳೆಯಿತು. ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಮಕ್ಕಳ ಓದಿನ ಬಗ್ಗೆಯೇ. ಆಸ್ತಿ ಪಾಲು, ಅತ್ತೆ ಸೊಸೆ ಜಗಳದ ಬಗ್ಗೆ ಬರೆದವರು ಮುಂದಿನ ಸಂಚಿಕೆವರೆಗೆ ತಡೆದುಕೊಳ್ಳಿ, ಇಷ್ಟು ದಿನ ತಡೆದಿದ್ದೀರಿ. ದಾವಣಗೆರೆ, ಚಿತ್ರದುರ್ಗ ಎರಡೂ ಕಡೆಯ ಕೆಲವು ಪತ್ರಗಳನ್ನು ಆರಿಸಿಕೊಂಡಿದ್ದೇನೆ. ಯಾರೂ ಹೆಸರು ಹಾಕಬೇಡಿ ಎಂದು ಕೇಳಿದ್ದಾರೆ, ಹಾಕಿಲ್ಲ.

ಪ್ರಶ್ನೆ: ಮೇಷ್ಟ್ರೇ, ನಮಸ್ಕಾರ. ನನ್ನ ಮಗಳು ಒಂಬತ್ತನೇ ಕ್ಲಾಸು. ಮುಂದೆ ನೀಟ್ ಬರೆಸಬೇಕು ಅಂತ ಈಗಿನಿಂದಲೇ ಫೌಂಡೇಶನ್ ಕೋರ್ಸಿಗೆ ಹಾಕಿದ್ದೀನಿ. ಫೀಸ್ ಎಷ್ಟು ಅಂತ ಕೇಳಬೇಡಿ. ಇವಳು ನೋಡಿದ್ರೆ ರಾತ್ರಿ ಫಿಸಿಕ್ಸ್ ಪುಸ್ತಕದ ಒಳಗೆ ಕಾದಂಬರಿ ಇಟ್ಕೊಂಡು ಓದ್ತಾಳೆ. ಕವನ ಬೇರೆ ಬರೀತಾಳಂತೆ, ಅವರಮ್ಮ ಹೇಳಿದ್ಳು. ಬೈದ್ರೆ ಅಳ್ತಾಳೆ. ಕತೆ, ಕವನ ಹೊಟ್ಟೆಗೆ ಹಿಟ್ಟು ಕೊಡುತ್ತಾ? ನೀವೇ ಒಂದು ಮಾತು ಬರೆಯಿರಿ, ಅವಳಿಗೆ ತೋರಿಸ್ತೀನಿ.
— ಮಂಡಿಪೇಟೆಯ ವ್ಯಾಪಾರಿ, ದಾವಣಗೆರೆ

ಉತ್ತರ: ಯಜಮಾನರೇ, ನೇರವಾಗಿ ಹೇಳಿಬಿಡುತ್ತೇನೆ. ಇಲ್ಲ, ಹೊಟ್ಟೆಗೆ ಹಿಟ್ಟು ಕೊಡುವುದಿಲ್ಲ. ಕವಿತೆ ಓದಿದರೆ ಗಣಿತದಲ್ಲಿ ಮಾರ್ಕ್ಸ್ ಜಾಸ್ತಿ ಬರುತ್ತದೆ, ಜ್ಞಾಪಕಶಕ್ತಿ ಹೆಚ್ಚುತ್ತದೆ, ವ್ಯಕ್ತಿತ್ವ ಅರಳುತ್ತದೆ ಅಂತೆಲ್ಲ ವೇದಿಕೆ ಮೇಲೆ ನಿಂತು ಹೇಳುವವರಿದ್ದಾರೆ. ನಾನು ಆ ಕಡೆಯವನಲ್ಲ. ಮಾರ್ಕ್ಸ್ ಬೇಕಿದ್ದರೆ ಮಾರ್ಕ್ಸಿಗೇ ಓದಬೇಕು.

ಹಾಗಂತ ಮಗಳ ಕೈಯಿಂದ ಪುಸ್ತಕ ಕಿತ್ತುಕೊಳ್ಳಬೇಡಿ, ಸ್ವಲ್ಪ ತಡೀರಿ.

ನೀಟ್ ಹೇಗಿರುತ್ತದೆ ಅಂತ ನಿಮಗೇ ಗೊತ್ತು. ಮೂರು ಗಂಟೆ, 180 ಪ್ರಶ್ನೆ, 720 ಅಂಕ. ಒಂದು ಪ್ರಶ್ನೆಗೆ ಒಂದು ನಿಮಿಷ. ಓದು, ನಾಲ್ಕರಲ್ಲಿ ಒಂದನ್ನು ಹಿಡಿ, ಮುಂದಕ್ಕೆ ಹೋಗು. ಅದೂ ಓದೇ, ಅದಕ್ಕೆ ಅಭ್ಯಾಸ ಬೇಕೇ ಬೇಕು. ಆದರೆ ಒಂಬತ್ತನೇ ಕ್ಲಾಸಿನಿಂದ ಪಿಯುಸಿ ಮುಗಿಯುವವರೆಗೆ ಒಂದು ಮಗು ಇದೊಂದೇ ಥರ ಓದುತ್ತಾ ಹೋದರೆ, ನಾಲ್ಕು ಆಯ್ಕೆ ಕೊಡದ ವಿಷಯ ಎದುರಿಗೆ ಬಂದಾಗ ಅದಕ್ಕೆ ಏನು ಮಾಡಬೇಕು ಅಂತಲೇ ತೋಚುವುದಿಲ್ಲ. ಬದುಕಿನಲ್ಲಿ ಅಂಥವೇ ಜಾಸ್ತಿ, ಅಲ್ವಾ?

ಪಕ್ಕದ ಚಿತ್ರದುರ್ಗವನ್ನೇ ತಗೊಳ್ಳಿ. 1779ರಲ್ಲಿ ಹೈದರಾಲಿ ಕೋಟೆಯನ್ನು ಗೆದ್ದ, ಮದಕರಿ ನಾಯಕನ ಆಳ್ವಿಕೆ ಮುಗಿಯಿತು. ಸಮಾಜ ವಿಜ್ಞಾನದಲ್ಲಿ ಇದು ಒಂದೆರಡು ಸಾಲು, ಹೆಚ್ಚೆಂದರೆ ಒಂದು ಅಂಕದ ಪ್ರಶ್ನೆ. ಇದೇ ವಿಷಯದ ಮೇಲೆ ತ.ರಾ.ಸು. ‘ದುರ್ಗಾಸ್ತಮಾನ’ ಬರೆದರು, ದಪ್ಪ ಕಾದಂಬರಿ. ತ.ರಾ.ಸು. ನಿಮ್ಮ ಜಿಲ್ಲೆಯ ಮಲೇಬೆನ್ನೂರಿನಲ್ಲೇ ಹುಟ್ಟಿದವರು. 1984ರಲ್ಲಿ ತೀರಿಕೊಂಡರು, ಮರುವರ್ಷ ಆ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕೋಟೆ ಬೀಳುತ್ತದೆ ಅನ್ನುವುದು ಹೆಸರಿನಲ್ಲೇ ಇದೆ. ಯಾವ ಗುಟ್ಟೂ ಇಲ್ಲ. ಆದರೂ ಜನ ಕೊನೇ ಪುಟದವರೆಗೆ ಬಿಡದೆ ಓದುತ್ತಾರೆ, ಯಾಕೆಂದರೆ ಅಲ್ಲಿ ಓದುವವರಿಗೆ ಬೇಕಾಗಿರುವುದು ಏನಾಯಿತು ಅನ್ನೋದಲ್ಲ, ಸೋಲುತ್ತೇನೆ ಅಂತ ಗೊತ್ತಿರುವ ಮನುಷ್ಯ ಮಾರನೇ ದಿನ ಬೆಳಿಗ್ಗೆ ಎದ್ದು ಹೇಗೆ ಕೆಲಸಕ್ಕೆ ನಿಲ್ಲುತ್ತಾನೆ, ಅವನ ಸುತ್ತ ಇರುವವರಲ್ಲಿ ಯಾರು ಉಳಿಯುತ್ತಾರೆ, ಯಾರು ಜಾರಿಕೊಳ್ಳುತ್ತಾರೆ ಅನ್ನೋದು. ಸೋಲುವವನ ಜೊತೆ ಅಷ್ಟು ಹೊತ್ತು ಇರೋದನ್ನು ಕೋಚಿಂಗ್ ಸೆಂಟರ್ ಕಲಿಸೋದಿಲ್ಲ. ಅಲ್ಲಿ ಗೋಡೆ ತುಂಬಾ ರ‍್ಯಾಂಕ್ ಬಂದವರ ಫೋಟೋ.

ಒಂದು ಕೆಲಸ ಮಾಡಿ. ಅವಳು ‘ದುರ್ಗಾಸ್ತಮಾನ’ ಓದಿ ಮುಗಿಸಿದ ಮೇಲೆ ಒಂದು ಭಾನುವಾರ ಮನೆಯವರೆಲ್ಲ ದುರ್ಗಕ್ಕೆ ಹೋಗಿ, ಬೆಟ್ಟ ಹತ್ತಿ. ಜೊತೆಗೆ ಬಂದವರು ಕೋಟೆಯ ಗೋಪಾಲಸ್ವಾಮಿ ಹೊಂಡದ ಹತ್ತಿರ ಸೆಲ್ಫಿ ತೆಗೀತಾರೆ, ತೆಗೀಲಿ. ಮಗಳು ಏನು ಕೇಳುತ್ತಾಳೆ ನೋಡಿ. ಮುತ್ತಿಗೆ ಹಾಕಿದವರು ಯಾವ ಕಡೆಯಿಂದ ಬಂದಿರಬಹುದು, ಇಷ್ಟು ಜನಕ್ಕೆ ನೀರು ಎಲ್ಲಿಂದ, ಕಾಳು ಕಡಿ ಎಲ್ಲಿಡುತ್ತಿದ್ದರು ಅಂತ ಅವಳೇ ಶುರು ಮಾಡುತ್ತಾಳೆ. ಕಣಜ, ಟಂಕಸಾಲೆ, ಎಣ್ಣೆ ಕೊಳ ಎಲ್ಲ ಕಣ್ಣೆದುರಿಗೇ ಇವೆ. ಗೈಡ್ ಹೇಳಿದ್ದನ್ನು ಕೇಳಿಸಿಕೊಂಡು ಬರುವುದಕ್ಕೂ ನಮ್ಮದೇ ಪ್ರಶ್ನೆ ಇಟ್ಟುಕೊಂಡು ಹತ್ತುವುದಕ್ಕೂ ವ್ಯತ್ಯಾಸ ಇದೆ.

ಇನ್ನು ಡಾಕ್ಟರ್ ಆಗುವವರಿಗೆ ಸಾಹಿತ್ಯ ಯಾಕೆ ಅನ್ನೋ ಮಾತು. ಕಾದಂಬರಿಗಾರ್ತಿ ಅನುಪಮಾ ನಿರಂಜನ ಡಾಕ್ಟರ್. ‘ಕೊರವಂಜಿ’ ಪತ್ರಿಕೆ ನಡೆಸಿ ಇಡೀ ನಾಡನ್ನು ನಗಿಸಿದ ರಾಶಿ ಕೂಡ ಡಾಕ್ಟರ್, ಡಾ. ಎಂ. ಶಿವರಾಂ. ಇಬ್ಬರ ರೋಗಿಗಳೂ ದೂರು ಹೇಳಿದ್ದು ನನಗೆ ಗೊತ್ತಿಲ್ಲ.

ಅವಳಿಗೆ ದಿನಕ್ಕೆ ಅರ್ಧ ಗಂಟೆ ಬಿಡಿ, ಬೆಳಕಿನಲ್ಲಿ, ಎಲ್ಲರ ಎದುರಿಗೆ. ಕದ್ದು ಓದಿದರೆ ಅತ್ತ ಫಿಸಿಕ್ಸೂ ಆಗಲ್ಲ, ಇತ್ತ ಕಾದಂಬರಿಯೂ ಆಗಲ್ಲ. ಅವಳು ಬರೆದ ಕವನವನ್ನು ಅವಳಾಗಿ ತೋರಿಸುವವರೆಗೆ ನೀವು ಓದಬೇಡಿ, ಅವರಮ್ಮನೂ ಓದಬಾರದು. ಈ ಪುಟ ಅವಳಿಗೆ ತೋರಿಸ್ತೀನಿ ಅಂದಿದ್ದೀರಲ್ಲ, ಅವಳಿಗೂ ಒಂದು ಮಾತು: ಮಗಳೇ, ಫಿಸಿಕ್ಸ್ ಟೆಸ್ಟ್ ಹಿಂದಿನ ರಾತ್ರಿ ಫಿಸಿಕ್ಸ್ ಮಾತ್ರ.

ಪ್ರಶ್ನೆ: ಸಾರ್, ನಾನು ಹತ್ತನೇ ಕ್ಲಾಸ್, ಕನ್ನಡ ಮೀಡಿಯಂ. ಹಳೇ ಪದ್ಯ ಒಂದೂ ಅರ್ಥ ಆಗಲ್ಲ. ಗೈಡ್‌ನಲ್ಲಿರೋ ಸಾರಾಂಶ ಬಾಯಿಪಾಠ ಮಾಡಿದ್ದೀನಿ. ಲಘು ಗುರು ಹಾಕಿ ಗಣ ವಿಂಗಡಿಸಿ ಅಂತಾರೆ, ಯಾಕೆ ಅಂತ ಕೇಳಿದ್ರೆ ಪರೀಕ್ಷೆಗೆ ಬರುತ್ತೆ ಅಂತಾರೆ. ನಾನು ಐಟಿಐ ಮಾಡೋನು. ಲೇಥ್ ಮಷಿನ್ ಮುಂದೆ ಭಾಮಿನಿ ಷಟ್ಪದಿಗೆ ಏನ್ ಕೆಲ್ಸ?
— ವಿದ್ಯಾರ್ಥಿ, ಚಳ್ಳಕೆರೆ ತಾಲ್ಲೂಕು

ಉತ್ತರ: ತಮ್ಮಾ, ಲೇಥ್ ಮಷಿನ್ ಮುಂದೆ ಭಾಮಿನಿ ಷಟ್ಪದಿಗೆ ಏನೂ ಕೆಲಸ ಇಲ್ಲ. ಪ್ರಥಮ ಭಾಷೆಗೆ 125 ಅಂಕ, ಅದರಲ್ಲಿ 100 ಬರೆಯುವ ಪರೀಕ್ಷೆಗೆ. ಲಘು ಗುರು ಗುರುತಿಸುವ ಪ್ರಸ್ತಾರ ಹಾಕದೆ ಬಿಟ್ಟರೂ ಪಾಸಾಗ್ತೀಯ. ಈ ಸಲದ ಪತ್ರಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ನಿನ್ನದೇ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಈ ಪದ್ಯ ನೋಡು. ಕುಮಾರವ್ಯಾಸ ಭಾರತದ್ದು, ಹೆಚ್ಚುಕಮ್ಮಿ ಆರುನೂರು ವರ್ಷ ಹಳೆಯದು.

ವೇದಪುರುಷನ ಸುತನ ಸುತನ ಸ
ಹೋದರನ ಹೆಮ್ಮಗನ ಮಗನ ತ
ಳೋದರಿಯ ಮಾತುಳನ ಮಾವನನತುಳ ಭುಜಬಲದಿ
ಕಾದಿ ಗೆಲಿದನನಣ್ಣನವ್ವೆಯ
ನಾದಿನಿಯ ಜಠರದಲಿ ಜನಿಸಿದ
ನಾದಿಮೂರುತಿ ಸಲಹೊ ಗದುಗಿನ ವೀರನಾರಯಣ

ಹೆದರಬೇಡ. ಇದು ಒಗಟು. ‘ಕೃಷ್ಣಾ, ಕಾಪಾಡು’ ಅನ್ನೋದನ್ನು ಕವಿ ಬೇಕಂತಲೇ ಸುತ್ತಿ ಬಳಸಿ ಹೇಳಿದ್ದಾನೆ. ನಿಮ್ಮೂರಿನ ಮದುವೆಮನೆಯಲ್ಲಿ ಅಜ್ಜಿಯರು ಕೂತು ‘ಈ ಹುಡುಗ ನಮ್ಮ ಚಿಕ್ಕಮ್ಮನ ನಾದಿನಿ ಮಗನ ಷಡ್ಡಕ’ ಅಂತ ಸಂಬಂಧ ಹುಡುಕುತ್ತಾರಲ್ಲ, ಅದೇ ಆಟ. ಬಾ, ಮಧ್ಯದಿಂದ ಬಿಡಿಸೋಣ. ‘ತಳೋದರಿ’ ಅಂದರೆ ಇಲ್ಲಿ ಅರ್ಜುನನ ಹೆಂಡತಿ ಸುಭದ್ರೆ. ಅವಳ ಮಾತುಳ, ಅಂದರೆ ಸೋದರಮಾವ, ಕಂಸ. ಕಂಸನ ಮಾವ ಜರಾಸಂಧ, ಹೆಣ್ಣು ಕೊಟ್ಟವನು. ಜರಾಸಂಧನನ್ನು ತೋಳ್ಬಲದಿಂದ ಕಾದಾಡಿ ಗೆದ್ದವನು ಭೀಮ. ಭೀಮನ ಅಣ್ಣ ಧರ್ಮರಾಯ, ಅವನ ಅವ್ವ ಕುಂತಿ. ಕುಂತಿಯ ಒಡಹುಟ್ಟಿದವನು ವಸುದೇವ, ವಸುದೇವನ ಹೆಂಡತಿ ದೇವಕಿ, ಇಲ್ಲಿ ‘ನಾದಿನಿ’ ಅಂದರೆ ಅವಳೇ. ದೇವಕಿಯ ಹೊಟ್ಟೆಯಲ್ಲಿ ಹುಟ್ಟಿದವನು ಯಾರು, ನೀನೇ ಹೇಳು. ಅರ್ಜುನನಿಂದ ಹಿಂದಕ್ಕೆ ಮೊದಲೆರಡು ಸಾಲನ್ನು ಬಿಡಿಸುವುದು ನಿನ್ನ ಕೆಲಸ. ಗೈಡ್ ನೋಡಬೇಡ, ಕ್ಲಾಸಿನ ನಾಲ್ಕು ಜನ ಸೇರಿ ಕಿತ್ತಾಡಿ.

ಈಗ ನಿನ್ನ ಲಘು ಗುರು. ಮೊದಲನೇ ಸಾಲನ್ನು ಬಾಯಿಬಿಟ್ಟು ಓದುತ್ತಾ ಚಪ್ಪಾಳೆ ತಟ್ಟು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ‘ವೇದ’ ಮೂರು ಮಾತ್ರೆ, ‘ಪುರುಷನ’ ನಾಲ್ಕು, ‘ಸುತನ’ ಮೂರು, ‘ಸುತನ ಸ’ ನಾಲ್ಕು. ಮೂರು ನಾಲ್ಕು, ಮೂರು ನಾಲ್ಕು. ಎರಡನೇ ಸಾಲೂ ಹಾಗೇ, ಮೂರನೇ ಸಾಲಿನಲ್ಲಿ ಅದೇ ಜೋಡಿ ಮೂರು ಸಲ ಬಂದು ಕೊನೆಗೆ ಒಂದು ಗುರು. ಅಷ್ಟೇ ಭಾಮಿನಿ ಷಟ್ಪದಿ. ಈಗ ಇನ್ನೊಂದು ನೋಡು. ಮೊದಲ ಸಾಲಿನ ಕೊನೆಗೆ ‘ಸ’ ಅಂತ ಒಂದೇ ಅಕ್ಷರ ಒಂಟಿಯಾಗಿ ಕೂತಿದೆ, ‘ಹೋದರನ’ ಕೆಳಗಿನ ಸಾಲಿಗೆ ಹೋಗಿದೆ. ‘ತಳೋದರಿ’ಗೂ ಅದೇ ಗತಿ. ಲೆಕ್ಕ ಹೊಂದಬೇಕಲ್ಲ, ಅದಕ್ಕೆ ಮಾತನ್ನು ನಡುವೆಯೇ ಮುರಿದಿದ್ದಾನೆ. ಕಣ್ಣಲ್ಲಿ ಓದಿದರೆ ಎಲ್ಲ ತುಂಡು ತುಂಡು, ‘ಹೋದರನ’ ಅಂದರೆ ಏನು ಅಂತ ನಿಘಂಟು ಹುಡುಕುತ್ತಾ ಕೂರಬೇಕು. ಜೋರಾಗಿ ಓದಿದರೆ ತುಂಡುಗಳು ತಾನಾಗೇ ಕೂಡಿಕೊಳ್ಳುತ್ತವೆ. ಈ ಪದ್ಯಗಳನ್ನು ಗಮಕದಲ್ಲಿ ಹಾಡಿ ಕೇಳಿಸುತ್ತಿದ್ದರು. ಓದಲು ಬಾರದ ಜನ ಕೂಡ ಕೂತು ಕೇಳಿ, ಕರ್ಣ ಸಾಯುವ ಹೊತ್ತಿಗೆ ಅಳುತ್ತಿದ್ದರು. ನಿನಗೆ ಅರ್ಥ ಆಗ್ತಿಲ್ಲ ಅಂದರೆ ಅದಕ್ಕೆ ನಿನ್ನ ಬುದ್ಧಿ ಕಾರಣ ಅಲ್ಲ. ಯಾರೂ ನಿನಗೆ ಅದನ್ನು ಓದಿ ಕೇಳಿಸಿಲ್ಲ.

ಸಾರಾಂಶ ಕೊನೆಗೆ ಮಾಡು. ಮೊದಲ ದಿನ ಓದು, ಎರಡನೇ ದಿನ ಇನ್ನೊಂದು ಸಲ ಓದು, ಆಮೇಲೆ ಗೊತ್ತಿಲ್ಲದ ಮಾತಿಗೆ ಗೆರೆ ಹಾಕು. ಐಟಿಐ ಸೇರಿದ ಮೇಲೆ ಓದು ಬಿಟ್ಟುಬಿಡಬೇಡ. ಬೆಳಗೆರೆ ಕೃಷ್ಣಶಾಸ್ತ್ರಿಗಳ ‘ಯೇಗ್ದಾಗೆಲ್ಲಾ ಐತೆ’ ಸಿಕ್ಕಿದರೆ ತಗೋ. ಅವರ ಬೆಳಗೆರೆ ನಿನ್ನ ತಾಲ್ಲೂಕಿನದೇ. ಪುಸ್ತಕ ಚಿಕ್ಕದು, ಮಾತು ನಿಮ್ಮ ಮನೆ ಜಗಲಿ ಮೇಲೆ ಆಡುವಂಥದ್ದು. ಅದಕ್ಕೆ ಗೈಡ್ ಬೇಡ.

ಪ್ರಶ್ನೆ: ನನ್ನ ಮಗ ನಾಲ್ಕನೇ ಕ್ಲಾಸ್, ಇಂಗ್ಲಿಷ್ ಮೀಡಿಯಂ. ಕನ್ನಡ ಒಂದೊಂದೇ ಅಕ್ಷರ ಕೂಡಿಸಿ ಓದ್ತಾನೆ. ಮೊಬೈಲ್ ಕೊಟ್ರೆ ಮಾತ್ರ ಊಟ. ಯಾವ ಕವನದಿಂದ ಶುರು ಮಾಡಲಿ?
— ಗೃಹಿಣಿ, ಹರಿಹರ

ಉತ್ತರ: ತಂಗೀ, ಅವನ ಕೈಗೆ ಪುಸ್ತಕ ಕೊಡಬೇಡ, ನೀನು ಓದು. ಅವನು ಊಟ ಮಾಡುವಾಗ ಓದು. ಮೊದಲ ವಾರ ಅವನು ಮೊಬೈಲ್ ಕೇಳಿ ರಂಪ ಮಾಡುತ್ತಾನೆ, ಸಹಿಸಿಕೋ.

ಗೋವಿನ ಹಾಡಿನಿಂದ ಶುರು ಮಾಡು. ನಿಮ್ಮ ಹರಿಹರದವನಿಗೆ ಇದರಲ್ಲಿ ಒಂದು ಮಜಾ ಇದೆ. ಗೊಲ್ಲ ಹಸುಗಳನ್ನು ಕರೆಯುತ್ತಾನಲ್ಲ, ‘ಗಂಗೆ ಬಾರೆ, ಗೌರಿ ಬಾರೆ, ತುಂಗಭದ್ರೆ ತಾಯಿ ಬಾರೆ’ ಅಂತ. ನಿನ್ನ ಮಗ ದಿನಾ ನೋಡುವ ಹೊಳೆ ಅಲ್ಲಿ ಹಸುವಿನ ಹೆಸರಾಗಿದೆ. ಕೇಳಿದ ಕೂಡಲೇ ನಗುತ್ತಾನೆ ನೋಡು. ಆಮೇಲೆ ಕುವೆಂಪು ಅವರ ‘ಕಿಂದರಿಜೋಗಿ’. ಮೂಲ ಬ್ರೌನಿಂಗ್ ಎಂಬ ಇಂಗ್ಲಿಷ್ ಕವಿಯದು, ಆದರೆ ಕನ್ನಡದಲ್ಲಿ ಆ ಇಲಿಗಳೆಲ್ಲ ನಮ್ಮ ಅಟ್ಟದಿಂದಲೇ ಇಳಿದು ಬಂದ ಹಾಗಿವೆ. ದೊಡ್ಡ ಪದ್ಯ, ಕಂತಿನಲ್ಲಿ ಓದು. ಪಂಜೆ ಮಂಗೇಶರಾಯರ ‘ನಾಗರ ಹಾವೆ! ಹಾವೊಳು ಹೂವೆ!’ ಚಿಕ್ಕದು, ಎರಡು ದಿನದಲ್ಲಿ ಬಾಯಿಗೆ ಬರುತ್ತದೆ.

ಒಂದೇ ಒಂದು ಕಂಡೀಷನ್. ಓದಿ ಮುಗಿಸಿದ ಕೂಡಲೇ ‘ಇದರಿಂದ ನಾವು ಕಲಿಯುವ ನೀತಿ ಏನು?’ ಅಂತ ಕೇಳಬೇಡ. ಗೋವಿನ ಹಾಡು ಕೇಳಿದ ಮಕ್ಕಳು ಬಹಳ ಸಲ ಅಳೋದು ಹಸುವಿಗಲ್ಲ, ಹುಲಿಗೆ. ಹಸು ಕರುವಿನ ಹತ್ತಿರ ವಾಪಸ್ ಹೋಯಿತು, ಹುಲಿ ಯಾಕೆ ಸಾಯಬೇಕಿತ್ತು, ಅದಕ್ಕೂ ಹಸಿವಾಗಿತ್ತಲ್ಲ ಅಂತ ಕೇಳುತ್ತವೆ. ಗೋಡೆ ಮೇಲೆ ಬರೆಸುವ ‘ಸತ್ಯವೇ ಭಗವಂತ’ಕ್ಕಿಂತ ಈ ಪ್ರಶ್ನೆ ದೊಡ್ಡದು. ಅವನು ಕೇಳಿದರೆ ಉತ್ತರ ಕೊಡಲು ಅವಸರ ಮಾಡಬೇಡ. ನಿನಗೇನು ಅನಿಸುತ್ತೆ ಅಂತ ಅವನನ್ನೇ ಕೇಳು, ಊಟ ಹೇಗೂ ಮುಂದುವರಿಯುತ್ತಿರುತ್ತದೆ.

ಪ್ರಶ್ನೆ: ಮಾನ್ಯರೇ, ನಾನು ಸರ್ಕಾರಿ ಪ್ರೌಢಶಾಲೆಯ ಕನ್ನಡ ಶಿಕ್ಷಕಿ. ಕಾವ್ಯ ಓದಿಸಿ ಎನ್ನುವುದು ಹೇಳಲು ಸುಲಭ. ಒಂದು ಕಡೆ ಎಫ್‌ಎ, ಎಸ್‌ಎ ಪರೀಕ್ಷೆಗಳು, ಇನ್ನೊಂದು ಕಡೆ ಫಲಿತಾಂಶ ಹೆಚ್ಚಿಸಲು ಪಾಸಾಗುವಷ್ಟು ಮಾತ್ರ ಓದಿಸುವ ಪಾಸಿಂಗ್ ಪ್ಯಾಕೇಜ್, ನಡುವೆ ಮೊಟ್ಟೆ, ಹಾಲು, ಗಣತಿ, ಆನ್‌ಲೈನ್ ಎಂಟ್ರಿ. ಫಲಿತಾಂಶ ಕಡಿಮೆ ಬಂದರೆ ನೋಟಿಸ್. ಪದ್ಯದ ಸೊಗಸು ಹೇಳಲು ಸಮಯ ಎಲ್ಲಿದೆ?
— ಶಿಕ್ಷಕಿ, ಹೊಸದುರ್ಗ ತಾಲ್ಲೂಕು

ಉತ್ತರ: ಮೇಡಂ, ನಿಮ್ಮ ಮಾತು ಸುಳ್ಳಲ್ಲ. ನಾನೂ ಆ ಗೋಜಲಿನಲ್ಲೇ ಇದ್ದು ಬಂದವನು. ಪಾಸಿಂಗ್ ಪ್ಯಾಕೇಜನ್ನು ನಾನು ಬೈಯುವುದಿಲ್ಲ. ಇಟ್ಟಿಗೆ ಭಟ್ಟಿಗೆ ಹೋಗಬೇಕಾದ ಹುಡುಗ ಪಾಸಾಗಿ ಕಾಲೇಜಿಗೆ ಹೋದರೆ ಅದು ಸಣ್ಣ ವಿಷಯವೇನಲ್ಲ. ಅದರ ಜೊತೆಗೇ ಏನಾದರೂ ಮಾಡಬಹುದಾ ಅಂತಷ್ಟೇ ನೋಡೋಣ.

ಪದ್ಯದ ಸೊಗಸು ಹೇಳಲು ಸಮಯ ಇಲ್ಲ ಅಂತೀರಿ. ಹೇಳಬೇಡಿ. ಓದಿ, ಸುಮ್ನೆ ಓದಿ. ಬೆಳಿಗ್ಗೆ ಪ್ರಾರ್ಥನೆಯಲ್ಲಿ ಪತ್ರಿಕೆ ತಲೆಬರಹ ಓದಿಸ್ತೀರಿ, ಒಂದು ಸುಭಾಷಿತ ಹೇಳಿಸ್ತೀರಿ. ವಾರದಲ್ಲಿ ಎರಡು ದಿನ ಸುಭಾಷಿತದ ಜಾಗದಲ್ಲಿ ಒಂದು ಪದ್ಯ ಇಡಿ. ಅರ್ಥ ಹೇಳುವುದು ಬೇಡ, ಪ್ರಶ್ನೆ ಬೇಡ, ಚಪ್ಪಾಳೆಯೂ ಬೇಡ. ಓದುವ ಮಗು ಪ್ರತಿಭಾ ಕಾರಂಜಿಗೆ ಹೋಗುವ ಅದೇ ಗಟ್ಟಿ ಗಂಟಲಿನ ಹುಡುಗಿ ಆಗಬಾರದು. ನಾಲ್ಕು ಶಾಲೆಯಲ್ಲಿ ನಾಲ್ಕು ಮಕ್ಕಳು ಎಲ್ಲ ಬಹುಮಾನ ಹೊಡೆಯುತ್ತಾರೆ, ಮಿಕ್ಕವರು ಕೆಳಗೆ ಕೂತು ಕೈ ತಟ್ಟುತ್ತಾರೆ, ಇದು ನನಗೆ ಮೊದಲಿನಿಂದಲೂ ಸರಿ ಬಂದಿಲ್ಲ. ಹಿಂದಿನ ಬೆಂಚಿನವನು ತೊದಲಿದರೂ ಪರವಾಗಿಲ್ಲ, ಅವನೇ ಓದಲಿ.

ಕ್ಲಾಸಿನಲ್ಲಿ ಸಾರಾಂಶ ಬರೆಸುವುದು ತಪ್ಪಿದ್ದಲ್ಲ. ಅದರ ಮೊದಲು ಒಂದೇ ಒಂದು ಬೇರೆ ಥರದ ಪ್ರಶ್ನೆ ಕೇಳಿ. ಬಸವಣ್ಣನವರ ವಚನ ತಗೊಳ್ಳಿ. ನುಡಿದರೆ ಮುತ್ತಿನ ಹಾರದಂತಿರಬೇಕು, ಮಾಣಿಕ್ಯದ ದೀಪ್ತಿಯಂತಿರಬೇಕು, ಸ್ಫಟಿಕದ ಶಲಾಕೆಯಂತಿರಬೇಕು, ಲಿಂಗ ಮೆಚ್ಚಿ ಅಹುದಹುದೆನಬೇಕು. ನಮ್ಮ ಕಡೆ ಶಾಲೆ, ಬಸ್ ಸ್ಟ್ಯಾಂಡು, ಬ್ಯಾಂಕು ಎಲ್ಲಿ ನೋಡಿದರೂ ಈ ವಚನ ಇರುತ್ತದೆ, ಆದರೆ ಬಹಳ ಕಡೆ ಬರೆಸಿರುವುದು ಮೊದಲ ಸಾಲೊಂದೇ. ಕೊನೆಯ ಸಾಲು ಗೋಡೆ ಮೇಲೆ ಇರೋದು ಕಮ್ಮಿ: ‘ನುಡಿಯೊಳಗಾಗಿ ನಡೆಯದಿದ್ದರೆ ಕೂಡಲಸಂಗಮದೇವನೆಂತೊಲಿವನಯ್ಯಾ?’ ಮಕ್ಕಳನ್ನು ಕೇಳಿ, ಈ ಕೊನೆಯ ಸಾಲು ತೆಗೆದುಬಿಟ್ಟರೆ ಏನಾಗುತ್ತೆ ಅಂತ. ಒಬ್ಬ ಹುಡುಗಿ ‘ಚೆನ್ನಾಗಿ ಮಾತಾಡೋಕೆ ಹೇಳಿದ ಹಾಗಾಗುತ್ತೆ ಅಷ್ಟೇ ಮಿಸ್’ ಅಂದರೆ ಸಾಕು, ಅವಳು ವಚನ ಓದಿದಳು ಅಂತ ಲೆಕ್ಕ. ನಾಲ್ಕು ಸಲ ಮೆಲ್ಲಗೆ ತಟ್ಟಿ ಕೊನೆಗೆ ಒಂದು ಏಟು ಕೊಡುವ ಆ ಕಟ್ಟು ಅವಳ ಕಿವಿಗೆ ಬಿತ್ತು. ಇದಕ್ಕೆ ಐದು ನಿಮಿಷ ಸಾಕು, ಮೇಡಂ. ನೋಟಿಸ್ ಬರೋದಿಲ್ಲ.

ಇನ್ನು ನಿಮ್ಮ ತಾಲ್ಲೂಕಿನಲ್ಲೇ ಸಾಣೇಹಳ್ಳಿ ಇದೆ. ಅಲ್ಲಿನ ‘ಶಿವಸಂಚಾರ’ದವರು ವರ್ಷವೂ ಹೊಸ ನಾಟಕ ಕಟ್ಟಿಕೊಂಡು ನಾಡೆಲ್ಲ ಸುತ್ತುತ್ತಾರೆ. ಬೆಂಗಳೂರಿನ ಶಾಲೆಯವರು ಬಸ್ ಮಾಡಿಕೊಂಡು ಬಂದು ನೋಡುವಂಥದ್ದು ನಿಮಗೆ ಪಕ್ಕದಲ್ಲೇ ಸಿಗುತ್ತದೆ. ಮಕ್ಕಳನ್ನು ಒಂದು ನಾಟಕಕ್ಕಾದರೂ ಕರೆದುಕೊಂಡು ಹೋಗಿ. ಬಂದ ಮೇಲೆ ವರದಿ ಬರೆಸಬೇಡಿ, ಯಾವ ಮಾತು ನೆನಪಿದೆ ಅಂತ ಕೇಳಿ.

ಒಬ್ಬ ಮೇಷ್ಟ್ರು ಏನು ಮಾಡಬಹುದು ಅನ್ನೋದಕ್ಕೆ ನಮ್ಮ ಜಿಲ್ಲೆಯವರೇ ಇದ್ದಾರೆ. ಚಳ್ಳಕೆರೆ ತಾಲ್ಲೂಕು ತಳುಕಿನ ಟಿ.ಎಸ್. ವೆಂಕಣ್ಣಯ್ಯನವರು ಮೈಸೂರಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. ಅವರ ಶಿಷ್ಯ ಕುವೆಂಪು ತಮ್ಮ ‘ಶ್ರೀರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಈ ಮೇಷ್ಟ್ರಿಗೇ ಅರ್ಪಿಸಿದರು. ವೆಂಕಣ್ಣಯ್ಯನವರು ತಾವು ಬರೆದದ್ದು ಕಡಿಮೆಯೇ. ಓದಿಸಿದ್ದು, ಬರೆಸಿದ್ದು ಜಾಸ್ತಿ.

ಪ್ರಶ್ನೆ: ಸಾಹಿತ್ಯ ಓದಿದವರು ಒಳ್ಳೆಯವರಾಗ್ತಾರಾ?
— ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಗ್ಯಾರಂಟಿ ಇಲ್ಲ. ನನಗೆ ಗೊತ್ತಿರುವ ಕೆಲವು ದೊಡ್ಡ ಓದುಗರು ಎರವಲು ತಂದ ಪುಸ್ತಕವನ್ನೇ ವಾಪಸ್ ಕೊಡುವುದಿಲ್ಲ. ಒಳ್ಳೆಯ ಕತೆಗಳನ್ನು ಓದಿದವರು ಬೇರೆಯವರ ಮನಸ್ಸನ್ನು ಚೆನ್ನಾಗಿ ಊಹಿಸುತ್ತಾರೆ ಎಂದು 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂದಿತ್ತು, ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಆಮೇಲೆ ಬೇರೆ ತಂಡಗಳು ಅದೇ ಪ್ರಯೋಗ ಮತ್ತೆ ಮಾಡಿ ನೋಡಿದಾಗ ಆ ಫಲಿತಾಂಶ ಬರಲಿಲ್ಲ. ಹಾಗಾಗಿ ಒಳ್ಳೆಯವನಾಗ್ತಾನೆ ಅನ್ನೋ ಆಸೆಗೆ ಮಗನಿಗೆ ಕಾದಂಬರಿ ಕೊಡಿಸಬೇಡಿ. ಕಾದಂಬರಿ ಚೆನ್ನಾಗಿದೆ ಅಂತ ಕೊಡಿಸಿ.

ಪ್ರಶ್ನೆ: ಸಾರ್, ನಾನು ಎಂಟನೇ ಕ್ಲಾಸು. ನಮ್ಮದು ಗೊಲ್ಲರಹಟ್ಟಿ. ನಂಗೆ ಓದೋಕೆ ಇಷ್ಟ, ಆದ್ರೆ ಮನೇಲಿ ಪಾಠದ ಪುಸ್ತಕ ಬಿಟ್ರೆ ಒಂದೂ ಪುಸ್ತಕ ಇಲ್ಲ. ಅಪ್ಪಾಜಿ ಕುರಿ ಮೇಯಿಸ್ತಾರೆ. ದುಡ್ಡು ಕೊಟ್ಟು ತರೋಕಾಗಲ್ಲ. ನಮ್ಮಜ್ಜಿ ಪದ ಹೇಳ್ತಾಳೆ, ಅದು ಸಾಹಿತ್ಯಾನಾ?
— ವಿದ್ಯಾರ್ಥಿನಿ, ಹಿರಿಯೂರು ತಾಲ್ಲೂಕು

ಉತ್ತರ: ಪುಟ್ಟೀ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಹೌದು, ಸಾಹಿತ್ಯವೇ. ಪಕ್ಕದ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯಲ್ಲಿ ಸಿರಿಯಜ್ಜಿ ಅಂತ ಇದ್ದರು. ಓದು ಬರಹ ಬರುತ್ತಿರಲಿಲ್ಲ, ಸಾವಿರಾರು ಪದ ಬಾಯಲ್ಲಿದ್ದವು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರನ್ನು ಕರೆದು ನಾಡೋಜ ಗೌರವ ಕೊಟ್ಟಿತು. ದೊಡ್ಡ ದೊಡ್ಡ ಪ್ರೊಫೆಸರುಗಳು ಅವರ ಮುಂದೆ ಕೂತು ಪದ ಬರೆದುಕೊಂಡಿದ್ದಾರೆ. ನಿಮ್ಮ ಕಡೆ ಹಟ್ಟಿಗಳಲ್ಲಿ ಹಾಡುವ ಜುಂಜಪ್ಪನ ಕತೆ ಪುಸ್ತಕಗಳಾಗಿ ಬಂದಿದೆ, ಕಾಲೇಜಿನವರು ಓದುತ್ತಾರೆ. ನಿಮ್ಮಜ್ಜಿ ಹೇಳೋದು ಪಾಠದ ಪುಸ್ತಕದಲ್ಲಿ ಇಲ್ಲ ಅಂದ ಮಾತ್ರಕ್ಕೆ ಕಮ್ಮಿ ಅಂದುಕೊಳ್ಳಬೇಡ.

ಹಳೇ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆ ಇರುತ್ತವಲ್ಲ, ಅದರಲ್ಲಿ ಬರೆದುಕೋ. ಅಜ್ಜಿ ಹೇಗೆ ಹೇಳುತ್ತಾಳೋ ಹಾಗೇ ಬರಿ. ‘ಹ್ವಾದ’ ಅಂದರೆ ‘ಹ್ವಾದ’ ಅಂತಲೇ ಬರಿ, ‘ಹೋದ’ ಅಂತ ತಿದ್ದಬೇಡ. ಅಜ್ಜಿಗೆ ಅದು ಯಾರಿಂದ ಬಂತು, ಯಾವಾಗ ಹಾಡುತ್ತಾರೆ, ಬೀಸುವಾಗಲಾ, ಹಬ್ಬಕ್ಕಾ, ಅದನ್ನೂ ಕೇಳಿ ಪಕ್ಕದಲ್ಲಿ ಬರಿ. ನಡುವೆ ಮರೆತರೆ ಜಾಗ ಬಿಡು, ಇನ್ನೊಂದು ದಿನ ನೆನಪಾಗುತ್ತದೆ.

ಇನ್ನು ಪುಸ್ತಕ. ನಿಮ್ಮ ಗ್ರಾಮ ಪಂಚಾಯ್ತಿಗೆ ಒಂದು ಗ್ರಂಥಾಲಯ ಇದೆ. ಈಗ ‘ಅರಿವು ಕೇಂದ್ರ’ ಅಂತ ಬೋರ್ಡ್ ಇರಬಹುದು. 2020ರಲ್ಲಿ ‘ಓದುವ ಬೆಳಕು’ ಅಂತ ಒಂದು ಕಾರ್ಯಕ್ರಮ ಶುರುವಾಗಿ, 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ ಮಾಡಿದರು. ನೀನು ದುಡ್ಡು ಕೊಡಬೇಕಾಗಿಲ್ಲ. ಒಬ್ಬಳೇ ಹೋಗಲು ಸಂಕೋಚ ಆದರೆ ಗೆಳತಿಯರನ್ನು ಕರೆದುಕೊಂಡು ಹೋಗು, ನಿಮ್ಮ ಮೇಷ್ಟ್ರಿಗೆ ಹೇಳಿದರೆ ಇಡೀ ಕ್ಲಾಸಿನ ಹೆಸರನ್ನು ಒಟ್ಟಿಗೆ ಬರೆಸುತ್ತಾರೆ. ಕೆಲವು ಕಡೆ ಬಾಗಿಲು ಹಾಕಿರುತ್ತದೆ, ಕೆಲವು ಕಡೆ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಮಾತ್ರ ಮುಂದೆ ಇಟ್ಟಿರುತ್ತಾರೆ, ಮಕ್ಕಳ ಪುಸ್ತಕ ಬೀರುವಿನಲ್ಲಿ ಬೀಗದೊಳಗೆ. ಬೀಗ ತೆಗೆಯಿರಿ ಅಂತ ಕೇಳು. ಕೇಳೋದು ತಪ್ಪಲ್ಲ, ಆ ಪುಸ್ತಕ ತಂದಿರೋದೇ ನಿನಗೆ. ಬೀಗದ ಕೈ ಇಲ್ಲ, ನಾಳೆ ಬಾ ಅಂತ ಸಾಗಹಾಕಿದರೆ ಪಂಚಾಯ್ತಿಯ ಪಿಡಿಒ ಅವರಿಗೆ ಒಂದು ಅರ್ಜಿ ಬರಿ. ಕ್ಲಾಸಿನವರೆಲ್ಲ ಸಹಿ ಹಾಕಿ. ಮಕ್ಕಳ ಗ್ರಾಮಸಭೆ ನಡೆದಾಗ ಎದ್ದು ನಿಂತು ಇದನ್ನೇ ಕೇಳಬಹುದು.

ಸದಸ್ಯತ್ವ ಆದ ಮೇಲೆ ಮೊದಲು ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’ ಇದೆಯಾ ಅಂತ ನೋಡು. ನಾಯಿ, ಮೀನು, ಕಾಡು ಎಲ್ಲ ಬರುತ್ತದೆ, ನಗುತ್ತಾ ಓದಬಹುದು. ಇಲ್ಲ ಅಂದರೆ ನನಗೆ ಬರಿ. ನಮ್ಮ ಕಚೇರಿಯಲ್ಲಿ ಒಂದು ಪ್ರತಿ ಇದೆ, ನಿಮ್ಮ ಶಾಲೆಯ ವಿಳಾಸಕ್ಕೆ ಕಳಿಸುತ್ತೇನೆ.